ಎರಡು ಪೆಟ್ಟಿನಷ್ಟು ಜಾಗ

ಜಾಕೆಟ್ಟಿನ ಝಿಪ್ಪು ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ರೌನೊ ಉಸಿರು ಒಳಗೆಳೆದುಕೊಂಡು ಇನ್ನೊಮ್ಮೆ ಎಳೆದ. ಊಹೂಂ. ಇಪ್ಪತ್ತಾರು ವರ್ಷ ಬೀರುವಿನಲ್ಲಿ ನೇತಾಡಿದ ತೊಗಲು, ಕುಗ್ಗದೆ ಏನು ಮಾಡೀತು ಎಂದು ತನಗೆ ತಾನೇ ಹೇಳಿಕೊಂಡ. ಹೊಟ್ಟೆಯ ವಿಷಯ ಎತ್ತಲಿಲ್ಲ. ಹಿಲ್ಕಾ, ಮದುವೆಯಾಗಿ ಮೂವತ್ತು ವರ್ಷವಾದ ಮೇಲೂ ಗಂಡ ಕನ್ನಡಿಯ ಮುಂದೆ ನಿಂತರೆ ನಗು ತಡೆಯಲಾರದ ಹೆಂಗಸು, ಕಾಫಿ ಲೋಟ ಹಿಡಿದುಕೊಂಡು ಬಂದು ಬಾಗಿಲಿಗೆ ಒರಗಿದಳು.

"ಏನಪ್ಪಾ, ಮದುಮಗ ಹೊರಟ ಹಾಗಿದೆ?"

"ಝಿಪ್ಪು ಕೆಟ್ಟಿದೆ."

"ಹೂಂ, ಝಿಪ್ಪೇ ಕೆಟ್ಟಿರೋದು! ಬಿಚ್ಕೊಂಡೇ ಹೋಗು ಮಾರಾಯ. ಹೆವಿ ಮೆಟಲ್ ಬ್ಯಾಂಡ್‌ನವ್ರು ಎಲ್ಲಾದ್ರೂ ಕತ್ತಿನ ತನಕ ಝಿಪ್ಪು ಹಾಕ್ಕೊಂಡು ಓಡಾಡ್ತಾರಾ?" ಕಾಫಿ ಒಂದು ಗುಟುಕು ಕುಡಿದು, ನಗು ನಿಲ್ಲಿಸಿ ಕೇಳಿದಳು, "ಯಾಲ್ಮರಿ ಏನಂದ, ಇನ್ನೊಂದ್ಸಲ ಹೇಳು."

"ಶನಿವಾರ ಹನ್ನೊಂದಕ್ಕೆ ಬಾ, ಬೇಸ್ ಗಿಟಾರ್ ತಗೊಂಡು ಬಾ ಅಂದ."

"ಅಷ್ಟೇನಾ? ಇಪ್ಪತ್ತಾರು ವರ್ಷ ಆದ್ಮೇಲೆ? ಯಾಕೆ ಅಂತ ನೀನಾದ್ರೂ ಕೇಳ್ಬಾರ್ದಿತ್ತಾ?"

ಕೇಳಿರಲಿಲ್ಲ. ಬಾ ಎಂದವನನ್ನು ಯಾಕೆ ಎಂದು ಕೇಳುವುದು ನಮ್ಮ ಕಡೆ ಅನುಮಾನ ಪಟ್ಟ ಹಾಗೆ. ಮಂಗಳವಾರ ಆ ಫೋನು ಬಂದಾಗ ರೌನೊ ವಸತಿ ಕಟ್ಟಡದ ಹಿಂದೆ ಚರಂಡಿಯ ಮಂಜುಗಡ್ಡೆ ಒಡೆಯುತ್ತಿದ್ದ. ಕಾಗದದ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಅವನಿಗೆ ಸಿಕ್ಕಿದ್ದು ಇದು: ಮೂರು ಕಟ್ಟಡಗಳ ಉಸ್ತುವಾರಿ. ಹಿಮ ಎತ್ತಬೇಕು, ಬಲ್ಬು ಬದಲಿಸಬೇಕು, ನೆಲಮಾಳಿಗೆಯ ಸೌನಾ, ಎಲ್ಲರೂ ಸರದಿಯಲ್ಲಿ ಬಳಸುವ ಬಿಸಿ ಹಬೆಯ ಸ್ನಾನದ ಕೋಣೆ, ಯಾವ ಮನೆಗೆ ಯಾವ ಹೊತ್ತಿಗೆ ಎಂದು ಪಟ್ಟಿ ಬರೆದು ಅಂಟಿಸಬೇಕು, ಆ ಪಟ್ಟಿಯ ಮೇಲೆ ನಡೆಯುವ ಜಗಳ ಬಿಡಿಸಬೇಕು. ಹಳೆಯ ಬ್ಯಾಂಡಿನ ಯಾಲ್ಮರಿಯ ದನಿ ಕೇಳಿದ ಕೂಡಲೇ ಗುದ್ದಲಿಯನ್ನು ಗೋಡೆಗೆ ಒರಗಿಸಿ ಟೋಪಿ ತೆಗೆದಿದ್ದ, ಪಾದ್ರಿ ಎದುರಿಗೆ ಬಂದ ಹಾಗೆ. ಆಮೇಲೆ ಅದನ್ನು ನೆನೆದು ನಾಚಿಕೆಯಾಯಿತು. ಆದರೆ ಆ ಹೊತ್ತಿಗೆ ಹಿಗ್ಗು ತಡೆಯಲಾರದೆ, ಮುಂದಿನ ಮನೆಯ ಮುದುಕಿ ಔನೆ ತನ್ನ ಶನಿವಾರದ ಸೌನಾ ಹೊತ್ತು ಬದಲಿಸಿಕೊಡು ಎಂದು ಎಂದಿನಂತೆ ವರಾತ ಶುರುಮಾಡಿದಾಗ ಅವಳಿಗೇ ಮೊದಲು ಹೇಳಿಬಿಟ್ಟ. "ಶನಿವಾರ ನಾನಿರಲ್ಲ ಔನೆ. ಬ್ಯಾಂಡ್ ಇದೆ." ಮುದುಕಿಗೆ ಯಾವ ಬ್ಯಾಂಡು ಎಂದು ತಿಳಿಯಲಿಲ್ಲ, ತಿಳಿದರೂ ಏನೂ ಆಗಬೇಕಾಗಿರಲಿಲ್ಲ. ಆದರೆ 'ಬ್ಯಾಂಡ್ ಇದೆ' ಎನ್ನುವ ಆ ಮಾತನ್ನು ಬಾಯಲ್ಲಿ ಆಡಿ ಎಷ್ಟು ಕಾಲವಾಗಿತ್ತು! ಮೆಟ್ಟಿಲು ಗುಡಿಸುತ್ತಾ ಅವನು ಅದನ್ನೇ ಮತ್ತೆರಡು ಸಲ ಹೇಳಿಕೊಂಡ.

ಹೊರಗೆ ಮಾರ್ಚ್ ಕೊನೆಯ ಬಿಸಿಲು. ರಸ್ತೆಯ ಹಿಮ ಕೊಳಕು ನೀರಾಗಿ ಬೂಟಿನೊಳಗೆ ಇಳಿಯುತ್ತಿತ್ತು. ಬೇಸ್ ಗಿಟಾರಿನ ಪೆಟ್ಟಿಗೆಯ ತೂಕವನ್ನು ಬಲಭುಜ ಮರೆತಿರಲಿಲ್ಲ. ಹತ್ತು ಹೆಜ್ಜೆಯೊಳಗೆ ಅದು ಹಳೆಯ ಜಾಗದಲ್ಲೇ ನೋಯಲು ಶುರುವಾಯಿತು, ಅದೂ ಹಿತವೆನಿಸಿತು. ಹೊಸ ತಂತಿ ಹಾಕಿದ್ದ. ನಾಲ್ಕು ದಿನ ಸೌನಾದ ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಳಿತು ಬ್ಯಾಂಡಿನ ಹಳೆಯ ಹನ್ನೆರಡೂ ಹಾಡು ಬಾರಿಸಿ ಬಾರಿಸಿ ಬೆರಳ ತುದಿ ಸುಲಿದಿತ್ತು. ಬ್ಯಾಂಡಿನ ಹೆಸರು ರೌಟಹಲ್ಲಾ. ಬೆಳೆ ಸುಡುವ ಇರುಳ ಹಿಮದ ಹೆಸರಿನ ಮುಂದೆ ಕಬ್ಬಿಣ ಎಂಬ ಪದ ಸೇರಿಸಿ, ಹತ್ತೊಂಬತ್ತು ವರ್ಷದ ನಾಲ್ಕು ಜನ ಕಾರ್ಖಾನೆಯ ಮಕ್ಕಳು ಇಟ್ಟ ಹೆಸರು. ಮೂವತ್ತೆಂಟು ವರ್ಷವಾಯಿತು. ಆ ನಾಲ್ವರಲ್ಲಿ ಈಗ ಬ್ಯಾಂಡಿನಲ್ಲಿ ಉಳಿದವನು ಹಾಡುತ್ತಾ ಗಿಟಾರ್ ಬಾರಿಸುವ ಯಾಲ್ಮರಿ ಒಬ್ಬನೇ. ಗಿಟಾರಿನ ಎರಡನೇ ಜಾಗಕ್ಕೆ ಏಳು ಜನ ಬಂದು ಹೋದರು, ಡ್ರಮ್ಸಿಗೆ ನಾಲ್ಕು, ಬೇಸಿಗೆ ರೌನೊನ ನಂತರ ಐದು. ಇದನ್ನೆಲ್ಲ ಯಾರೂ ಅವನಿಗೆ ಹೇಳಿದ್ದಲ್ಲ. ಊರಿನ ಪತ್ರಿಕೆಯಲ್ಲಿ 'ರೌಟಹಲ್ಲಾಗೆ ಬೇಸ್ ಬಾರಿಸುವವರು ಬೇಕಾಗಿದ್ದಾರೆ' ಎಂದು ಬಂದಾಗಲೆಲ್ಲ ಅವನು ಅದನ್ನು ಮೂರು ಸಲ ಓದಿ, ಪತ್ರಿಕೆ ಮಡಚಿ, ಸೌನಾದ ಒಲೆಗೆ ಹಾಕುತ್ತಿದ್ದ. ಅರ್ಜಿ ಹಾಕಬೇಕೇ ನಾನು, ನನ್ನ ಬ್ಯಾಂಡಿಗೆ? ಬೇಕಾದರೆ ಕರೆಯಲಿ. ಹೀಗೆ ಹೇಳಿಕೊಂಡು, ಮುಂದಿನ ಎರಡು ವಾರ ಫೋನು ರಿಂಗಾದರೆ ಸಾಕು, ಹಿಲ್ಕಾಗಿಂತ ಮೊದಲು ಓಡಿಹೋಗಿ ಎತ್ತುತ್ತಿದ್ದ.

ಕೆರೆಯ ದಡದ ಹಾದಿ ಹಿಡಿದ. ಮೊನ್ನೆ ಮೊನ್ನೆಯ ತನಕ ಜನ ಮೀನು ಹಿಡಿಯಲು ನಡೆದುಹೋಗುತ್ತಿದ್ದ ಮಂಜುಗಡ್ಡೆ ಈಗ ಬೂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೀರು ಬಿಟ್ಟು ನಿಂತಿತ್ತು. ಕಾಲಿಟ್ಟರೆ ಒಡೆಯುತ್ತದೆ, ದೋಣಿ ಇಳಿಸಲು ಬಿಡುವುದಿಲ್ಲ. ಆಚೆಯವರು ಆಚೆ, ಈಚೆಯವರು ಈಚೆ. ಈ ವಾರಗಳಿಗೆ ನಾವು ಕೆಲಿರಿಕ್ಕೊ ಎನ್ನುತ್ತೇವೆ. ಯಾಲ್ಮರಿ ಕಟ್ಟಿದ ಹಾಡುಗಳಲ್ಲೆಲ್ಲ ಒಳ್ಳೆಯದಕ್ಕೆ ಇಟ್ಟ ಹೆಸರೂ ಅದೇ. ರೌನೊ ತಲೆ ತಗ್ಗಿಸಿ ಬೇಗ ಬೇಗ ನಡೆದ. ಆ ಹಾಡಿನ ಹೆಸರು ನೆನಪಾದಾಗಲೆಲ್ಲ ಅವನ ಹೆಜ್ಜೆ ಹೀಗೇ ಬಿರುಸಾಗುತ್ತಿತ್ತು.

ತೊಂಬತ್ತೆಂಟರ ಚಳಿಗಾಲ, ತಾಲೀಮು, ರೌನೊಗೆ ನೆಗಡಿ. ಕೆಲಿರಿಕ್ಕೊ ಹಾಡಿನ ಮೂರನೇ ಸಾಲಿನ ಕೊನೆಯಲ್ಲಿ ಮೂಗು ಒರೆಸಿಕೊಳ್ಳಲು ಕೈ ತೆಗೆದ. ತಾಳದ ಎರಡು ಪೆಟ್ಟಿನಷ್ಟು ಹೊತ್ತು ಬೇಸ್ ಇಲ್ಲ. ಗಿಟಾರು, ಡ್ರಮ್ಸು ತಮ್ಮ ಪಾಡಿಗೆ ಹೋಗುತ್ತಿವೆ, ಕೆಳಗೆ ಮಾತ್ರ ಏನೂ ಇಲ್ಲ; ಮಂಜುಗಡ್ಡೆ ಒಡೆದು ಕಾಲು ಒಳಗೆ ಹೋದಂತಾಯಿತು. ಮತ್ತೆ ಬೇಸ್ ಬಂದು ಕೂತಾಗ ನಾಲ್ವರ ಮೈಯಲ್ಲೂ ಮುಳ್ಳೆದ್ದವು. ಯಾಲ್ಮರಿ ತಿರುಗಿ ನೋಡಿದ, ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ ಎಂದರೆ ಚೆನ್ನಾಗಿದೆ ಎಂದು. ಅಥವಾ ಅವನು ತಿರುಗಿದ್ದು ಬೇರೆ ಯಾವುದಕ್ಕೋ ಇರಬಹುದು; ತನ್ನ ಗಿಟಾರು ಬಿಟ್ಟು ಅವನಿಗೆ ಇನ್ನೇನಾದರೂ ಕೇಳಿಸುತ್ತಿತ್ತೇ ಎಂಬ ಬಗ್ಗೆ ರೌನೊಗೆ ಆಗಲೇ ಗುಮಾನಿಯಿತ್ತು. ಮುಂದಿನ ಸಲ ಮೂಗು ಸೋರದಿದ್ದರೂ ಅಲ್ಲಿ ಕೈ ತಡೆದ. ಹಾಡು ರೆಕಾರ್ಡ್ ಆಗುವ ಮೊದಲೇ, ಏಪ್ರಿಲ್‌ನಲ್ಲಿ, ಜರ್ಮನಿಗೆ ನಲವತ್ತು ದಿನದ ತಿರುಗಾಟ ಗೊತ್ತಾಯಿತು. ಹಿಲ್ಕಾ ಬಸುರಿ, ಕಾರ್ಖಾನೆಯಲ್ಲಿ ರಜೆ ಇಲ್ಲ. ರೌನೊ ಯಾಲ್ಮರಿಗೆ "ನೋಡೋಣ" ಎಂದ. ಒಂದು ವಾರ ಯಾರೂ ಏನೂ ನೋಡಲಿಲ್ಲ. ಎಂಟನೇ ದಿನ ಯಾಲ್ಮರಿ ಕಾರ್ಖಾನೆಯ ಗೇಟಿನ ಹತ್ತಿರ ನಿಂತು, ಬೂಟಿನ ತುದಿಯಿಂದ ಹಿಮ ಕೆದಕುತ್ತಾ ಹೇಳಿದ: "ನಿನ್ನ ಜಾಗಕ್ಕೆ ಲಾಸ್ಸೆ ಬರ್ತಾನೆ. ಒಪ್ಸಿ ಹೋಗು."

ಒಪ್ಪಿಸುವುದು ರೌನೊನೇ ತಂದ ಪದ್ಧತಿ. ಕಾಗದದ ಯಂತ್ರ ನಿಲ್ಲುವುದಿಲ್ಲ; ಹೋಗುವ ಪಾಳಿಯವನು ಬರುವ ಪಾಳಿಯವನ ಎದುರು ನಿಂತು, ಯಾವ ಉರುಳೆ ಬಿಸಿಯಾಗಿದೆ, ಎಲ್ಲಿ ಹಾಳೆ ಹರಿಯುತ್ತಿದೆ, ಎಲ್ಲ ಹೇಳಿ ಮುಗಿಸುವ ತನಕ ಕೈಗವಸು ಬಿಚ್ಚುವ ಹಾಗಿಲ್ಲ. ಬ್ಯಾಂಡಿನಲ್ಲೂ ಹಾಗೇ ಇರಲಿ, ಹೋಗುವವನು ಬರುವವನಿಗೆ ಒಂದು ವಾರ ಕೂತು ಎಲ್ಲ ಹಾಡು ಕೈಯಿಂದ ಕೈಗೆ ಕೊಟ್ಟು ಹೋಗಲಿ ಎಂದು ಮೊದಲ ಗಿಟಾರಿನವನು ಬಿಟ್ಟಾಗ ಹೇಳಿದ್ದು ಅವನೇ. ತನ್ನ ಸರದಿ ಬರುತ್ತದೆಂದು ಯಾರು ಕಂಡಿದ್ದರು? ಲಾಸ್ಸೆ ಇಪ್ಪತ್ತೊಂದರ ಹೈದ, ಒಳ್ಳೆಯವನು, ಹೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಾ ಕಲಿತ. ಕೊನೆಯ ದಿನ ಕೆಲಿರಿಕ್ಕೊ. ಮೂರನೇ ಸಾಲಿನ ಕೊನೆ ಬಂದಾಗ ರೌನೊನ ಕೈ ನಿಲ್ಲಲಿಲ್ಲ. ಎರಡು ಪೆಟ್ಟಿನ ಜಾಗವನ್ನು ತುಂಬಿಕೊಂಡು ಸಲೀಸಾಗಿ ದಾಟಿತು. "ಹೀಗೇನಾ?" ಎಂದ ಲಾಸ್ಸೆ. "ಹೀಗೇ," ಎಂದ ರೌನೊ. ಪಾಳಿ ಒಪ್ಪಿಸುವಾಗ ಸುಳ್ಳು ಹೇಳಿದವನನ್ನು ಕಾರ್ಖಾನೆಯಲ್ಲಿ ಯಾರೂ ಊಟದ ಮೇಜಿಗೆ ಸೇರಿಸುವುದಿಲ್ಲ. ಲಾಸ್ಸೆ ಹಾಗೆಯೇ ರೆಕಾರ್ಡ್ ಮಾಡಿದ, ಹಾಗೆಯೇ ಮುಂದಿನವನಿಗೆ ಕೊಟ್ಟ, ಅವನು ಅದರ ಮುಂದಿನವನಿಗೆ. ಹಾಡು ಎದ್ದು ನಿಲ್ಲಲೇ ಇಲ್ಲ. ಯಾಲ್ಮರಿ ಒಂದು ಸಂದರ್ಶನದಲ್ಲಿ, ನಮ್ಮ ಒಳ್ಳೆಯ ಹಾಡು ಅದು, ಆದರೆ ವೇದಿಕೆಯ ಮೇಲೆ ಯಾಕೋ ಕುಸಿದುಹೋಗುತ್ತದೆ ಎಂದಿದ್ದ. ಅದಾದ ಮೇಲೆ ಒಬ್ಬೊಬ್ಬರಾಗಿ ಮೂವರು ಡ್ರಮ್ಸಿನವರು ಹೋದರು. ಹಾಡು ಕುಸಿಯುವುದಕ್ಕೆ ಅವರೇ ಕಾರಣವೆಂದು ಯಾಲ್ಮರಿ ತೆಗೆದನೆಂದೇ ರೌನೊನ ಎಣಿಕೆ. ಒಬ್ಬೊಬ್ಬರು ಹೋದಾಗಲೂ ರೌನೊ ಪತ್ರಿಕೆ ಹಿಡಿದು ಕುಳಿತು, ನನ್ನಿಂದ, ನನ್ನಿಂದ ಎಂದುಕೊಂಡ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬರುತ್ತಿತ್ತು, ಅದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾರ: ಒಂದು ದಿನ ಯಾಲ್ಮರಿಗೆ ಹೊಳೆಯುತ್ತದೆ. ರೌನೊ ಇದ್ದಾಗ ಮಾತ್ರ ಈ ಹಾಡು ನಿಲ್ಲುತ್ತಿತ್ತು ಎಂದು ಹೊಳೆದು ಫೋನು ಮಾಡುತ್ತಾನೆ.

ಮಾಡಿದನಲ್ಲ! ತಾಲೀಮು ನಡೆಯುವ ಕಟ್ಟಡದ ಕೆಳಗಿನ ಬಾಂಬ್ ಆಶ್ರಯದ ದಪ್ಪ ಕಬ್ಬಿಣದ ಬಾಗಿಲ ಎದುರು ನಿಂತು ರೌನೊ ಬೆವರು ಒರೆಸಿಕೊಂಡ. ಯುದ್ಧ ಬಂದರೆ ಅಡಗಲೆಂದು ಕಟ್ಟಿಸಿದ ಕೋಣೆ, ಯುದ್ಧ ಬಾರದ ವರ್ಷಗಳಲ್ಲಿ ಮನೆಮಂದಿಯ ಸ್ಕೀ ಹಲಗೆ ಇಡಲು, ಬ್ಯಾಂಡಿನವರು ಗದ್ದಲ ಮಾಡಲು. ಒಳಗೆ ಹೇಗೆ ಹೋಗಬೇಕು, ಮೊದಲು ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದ. 'ನೆಗಡಿ ವಾಸಿಯಾಯ್ತು ಕಣೋ' ಎಂದು ತಮಾಷೆ ಮಾಡಿದರೆ? ಬೇಡ, ಅವನಿಗೆ ನೆನಪಿರುವುದಿಲ್ಲ. ಬಾಗಿಲು ತಳ್ಳಿದ.

ಯಾಲ್ಮರಿ ಸ್ಪೀಕರಿನ ಮೇಲೆ ಕುಳಿತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ಕೂದಲು ಇನ್ನೂ ಸೊಂಟದ ತನಕ, ಪೂರ್ತಿ ಬಿಳಿ. ಡ್ರಮ್ಸಿನ ಹಿಂದೆ ಕಿಮ್ಮೊ, ಮೂವತ್ತರ ದಾಂಡಿಗ, ಏಲಕ್ಕಿ ಬನ್ನು ಬಾಯಿಗೆ ತುರುಕಿಕೊಂಡು ಕೈಯೆತ್ತಿ ನಮಸ್ಕರಿಸಿದ. ಎರಡನೇ ಗಿಟಾರಿನವನು ಮಧ್ಯಾಹ್ನ ಬರುತ್ತಾನಂತೆ. ಮತ್ತೆ ಬೇಸಿನ ಜಾಗದಲ್ಲಿ, ಎಡಗಡೆ, ನೀರಿನ ಕೊಳವೆ ಹಾದುಹೋಗುವ ಗೋಡೆಯ ಪಕ್ಕ, ರೌನೊ ಹನ್ನೆರಡು ವರ್ಷ ನಿಂತ ಜಾಗದಲ್ಲಿ, ಒಬ್ಬ ಹುಡುಗಿ. ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು. ಕೊರಳಲ್ಲಿ ಬೇಸ್ ಗಿಟಾರ್.

"ವೆನ್ಲಾ," ಎಂದ ಯಾಲ್ಮರಿ, ಗಲ್ಲದಿಂದ ತೋರಿಸುತ್ತಾ. "ಹಿಂದಿನವ್ನು ಒಪ್ಸದೇ ತಾಂಪೆರೆಗೆ ಓಡಿಹೋದ. ಫೋನೂ ಎತ್ತಲ್ಲ. ನೀನು ಒಪ್ಸು."

ಅಷ್ಟೇ. ರೌನೊನ ಮುಖಕ್ಕೆ ರಕ್ತ ಏರಿತು, ಕಿವಿಯ ತನಕ. ಬಿಚ್ಚಿದ ಜಾಕೆಟ್ಟು, ಹೊಸ ತಂತಿ, ಸುಲಿದ ಬೆರಳು, ಔನೆಗೆ ಹೇಳಿದ ಮಾತು, ಎಲ್ಲ ಒಟ್ಟಿಗೆ ನೆನಪಾದವು. ಬ್ಯಾಂಡ್ ಇದೆ! ಥೂ. ಯಾರೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಬಾ ಎಂದಿದ್ದರು, ಬೇಸ್ ತಾ ಎಂದಿದ್ದರು, ಬಂದಿದ್ದಾನೆ, ತಂದಿದ್ದಾನೆ. ಹಿಲ್ಕಾಳ ಪ್ರಶ್ನೆಯನ್ನು ಒಮ್ಮೆ ಕೇಳಿದ್ದರೆ ಆಗುತ್ತಿತ್ತು. ತಿರುಗಿ ಹೋಗಿಬಿಡಲೇ ಎನಿಸಿತು. ಹೋದರೆ ಯಾಕೆ ಹೋದ ಎಂದು ಅವರಿಗೆ ತಿಳಿಯುತ್ತದೆ, ಅದಕ್ಕಿಂತ ಸಾಯುವುದು ಮೇಲು. "ಸರಿ," ಎಂದು ಪೆಟ್ಟಿಗೆ ಇಳಿಸಿ, ಅದರ ಬೀಗ ತೆಗೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಕೊಂಡೇ ಇದ್ದ.

"ನಮ್ಮಪ್ಪಂಗೆ ನೀವಂದ್ರೆ ಪ್ರಾಣ," ಎಂದಳು ಹುಡುಗಿ, ಮುಂದೆ ಬಂದು ಕೈಕುಲುಕಿ. "ನಿಮ್ಮ ಕ್ಯಾಸೆಟ್ ಹಾಕಿ ಹಾಕಿ ಅಮ್ಮನ ಹತ್ರ ಬೈಸ್ಕೊಳ್ತಾ ಇದ್ರು. ಇವತ್ತು ರೌನೊ ಬರ್ತಾರೆ ಅಂದ್ರೆ, 'ಇನ್ನೂ ಇದ್ದಾನಾ?' ಅಂದ್ರು."

ಕಿಮ್ಮೊ ಬನ್ನು ನೆತ್ತಿಗೇರಿ ಕೆಮ್ಮಿದ. ರೌನೊಗೂ ನಗು ಬಂತು. "ಇದೀನಿ ಅಂತ ಹೇಳಮ್ಮ," ಎಂದ.

ಅವಳು ರೆಕಾರ್ಡ್ ಕೇಳಿ ಕೇಳಿಯೇ ಎಲ್ಲ ಕಲಿತಿದ್ದಳು. ಮೊದಲ ಹಾಡಿಗೇ ರೌನೊಗೆ ಗೊತ್ತಾಯಿತು, ಇವಳು ಚೆನ್ನಾಗಿ ಬಾರಿಸುತ್ತಾಳೆ; ಲಾಸ್ಸೆಗಿಂತ, ಮಿಕ್ಕ ನಾಲ್ವರಿಗಿಂತ, ಆ ವಯಸ್ಸಿನ ತನಗಿಂತ. ಅಸೂಯೆ ಬರಬೇಕಿತ್ತು. ಬಂದದ್ದು ಬೇರೆ ಏನೋ, ಬಸ್ ನಿಲ್ದಾಣದಲ್ಲಿ ಬೇರೆಯವರ ನೆಂಟರನ್ನು ಬೀಳ್ಕೊಡುತ್ತಾ ನಿಂತಂಥ ಒಂದು ಬೇಸರ. ಬೆರಳು ಎಲ್ಲಿಡಬೇಕು, ಯಾವ ತಂತಿಯಲ್ಲಿ ಬಾರಿಸಿದರೆ ಸದ್ದು ದಪ್ಪಗೆ ಬರುತ್ತದೆ ಎಂದು ಒಂದೆರಡು ಕಡೆ ತಿದ್ದಿದ. ಅವಳು ಒಂದು ಸಲಕ್ಕೇ ಹಿಡಿಯುತ್ತಿದ್ದಳು. ಆಮೇಲೆ ಯಾಲ್ಮರಿ, ಯಾರ ಮುಖವನ್ನೂ ನೋಡದೆ, "ಕೆಲಿರಿಕ್ಕೊ," ಎಂದ.

ಕಿಮ್ಮೊ ಕೋಲು ತಟ್ಟಿ ಎಣಿಸಿದ. ಮೂರನೇ ಸಾಲು ಬಂತು. ವೆನ್ಲಾಳ ಕೈ ರೆಕಾರ್ಡಿನಲ್ಲಿ ಇದ್ದ ಹಾಗೆ, ಲಾಸ್ಸೆ ಬಾರಿಸಿದ ಹಾಗೆ, ತಾನು ಆ ಕೊನೆಯ ದಿನ ತೋರಿಸಿದ ಹಾಗೆ, ಒಂದು ಕೂದಲೆಳೆಯೂ ತಪ್ಪದೆ ಆ ಜಾಗವನ್ನು ತುಂಬಿಕೊಂಡು ದಾಟಿತು. ತನ್ನ ಸುಳ್ಳು ಇಷ್ಟು ಅಚ್ಚುಕಟ್ಟಾಗಿ, ಇಷ್ಟು ನಂಬಿಕೆಯಿಂದ ಒಂದು ಹೊಸ ಕೈಯಲ್ಲಿ ಬರುವುದನ್ನು ಎದುರಿಗೆ ನಿಂತು ನೋಡಿದ್ದು ಅವನಿಗೆ ಇದೇ ಮೊದಲು. ಹಾಡು ಸಾಗಿತು, ಸಾಗುತ್ತಾ ಸಪ್ಪೆಯಾಯಿತು. ನಡುವೆಯೇ ಯಾಲ್ಮರಿ ಕೈಯೆತ್ತಿ ನಿಲ್ಲಿಸಿದ.

"ಅಲ್ಲಿ ಏನೋ ಸರಿ ಇಲ್ಲ ಅನ್ಸುತ್ತೆ ನಂಗೆ," ಎಂದಳು ವೆನ್ಲಾ, ರೌನೊನ ಕಡೆ ತಿರುಗಿ. "ಮನೇಲಿ ಬಾರಿಸ್ವಾಗ್ಲೂ ಹಾಗೇ. ತಪ್ಪು ನಂದಾ?"

"ಇಲ್ಲ," ಎಂದ ರೌನೊ. "ಸರಿಯಾಗೇ ಇದೆ."

ಬಾಯಿಂದ ಅದು ಹೇಗೆ ಬಂತೋ. ಇಪ್ಪತ್ತಾರು ವರ್ಷದ ಹಿಂದೆ ಬಂದ ಹಾಗೇ ಬಂತು, ಯಾವ ಕಷ್ಟವೂ ಇಲ್ಲದೆ. ಹುಡುಗಿ ತಲೆಯಾಡಿಸಿ, ತಪ್ಪು ತನ್ನದೇ ಇರಬೇಕೆಂದು ತನ್ನ ಕೈ ನೋಡಿಕೊಂಡಳು. ಯಾಲ್ಮರಿ ಕಾಫಿಗೆ ನಿಲ್ಲಿಸಿದ. ರೌನೊ ಒಳಗೆ ಕೂರಲಾಗದೆ ಮೆಟ್ಟಿಲ ಹತ್ತಿರ ಬಂದು ನಿಂತ. ಹಿಂದೆಯೇ ಕಿಮ್ಮೊ ಬಂದು ಗೋಡೆಗೆ ಒರಗಿದ, ತೊಡೆಯ ಮೇಲೆ ಬೆರಳಲ್ಲಿ ತಾಳ ತಟ್ಟುತ್ತಾ.

"ಆ ಹಾಡು ನನ್ನ ಕೈಲಿ ನಿಲ್ತಾ ಇಲ್ಲ," ಎಂದ. "ಮೂರು ವರ್ಷ ಆಯ್ತು, ಎಲ್ಲಾ ತರ ನೋಡ್ದೆ. ನಿಧಾನ ಮಾಡ್ದೆ, ಜೋರು ಮಾಡ್ದೆ. ಯಾಲ್ಮರಿ ಏನೂ ಅನ್ನಲ್ಲ, ಸುಮ್ನೆ ನೋಡ್ತಾನೆ. ಹಿಂದಿನವ್ರೂ ಹೀಗೇ ಹೋಗಿದ್ದಂತೆ. ಮುಂದಿನವ್ನು ನಾನೇ ಅಂತ ಕಾಣುತ್ತೆ."

"ನಿಂದಲ್ಲ ತಪ್ಪು."

"ಅಯ್ಯೋ, ಸಮಾಧಾನಕ್ಕೆ ಹೇಳ್ಬೇಡಿ ಬಿಡಿ."

ಸಮಾಧಾನಕ್ಕಲ್ಲ ಎಂದು ಹೇಳಬೇಕೆನಿಸಿತು ರೌನೊಗೆ. ಹೇಳಿದರೆ ಏನು ಉಳಿಯುತ್ತದೆ? ಲೆಕ್ಕ ಸರಳವಾಗಿತ್ತು. ಅಂದಿನ ತಾಲೀಮಿನಲ್ಲಿದ್ದ ಮಿಕ್ಕವರು ಯಾವಾಗಲೋ ಹೋಗಿದ್ದರು, ಯಾಲ್ಮರಿಯ ಕಿವಿಗೆ ಅದು ಬಿದ್ದಿರಲಾರದು; ಆ ಎರಡು ಪೆಟ್ಟಿನ ಜಾಗ ಗೊತ್ತಿರುವವನು ಲೋಕದಲ್ಲಿ ತಾನೊಬ್ಬನೇ. ಅದು ತನ್ನ ಹತ್ತಿರ ಇರುವ ತನಕ ಯಾಲ್ಮರಿ ಎಂದಾದರೂ ಕರೆಯಬಹುದು. ಕೊಟ್ಟರೆ ಮುಗಿಯಿತು, ತಾನೂ ಔನೆಯಂತೆ ಸೌನಾದ ಹೊತ್ತಿಗೆ ಜಗಳ ಆಡಿಕೊಂಡು ಮುದುಕನಾಗಬೇಕು. ಆದರೆ ಕಿಮ್ಮೊನ ಬೆರಳು ಇನ್ನೂ ಆ ಮೂರನೇ ಸಾಲನ್ನೇ ತಟ್ಟುತ್ತಿತ್ತು. ಸಿಗುತ್ತಿಲ್ಲ, ಮತ್ತೆ ಮೊದಲಿಂದ. ಒಳಗೆ ಹುಡುಗಿಯೂ ಕಾಫಿ ಬಿಟ್ಟು ಅದನ್ನೇ ಬಾರಿಸುತ್ತಿದ್ದಳು, ಹತ್ತು ಸಲ, ಹನ್ನೊಂದು ಸಲ, ತಪ್ಪಿಲ್ಲದ ತನ್ನ ಕೈಯಲ್ಲಿ ತಪ್ಪು ಹುಡುಕುತ್ತಾ. ರೌನೊಗೆ ಕೇಳಲಾಗಲಿಲ್ಲ. ಒಳಗೆ ಹೋದ.

"ಇಲ್ಲಿ ಬಾ," ಎಂದ. "ನಾನು ಸುಳ್ಳು ಹೇಳ್ದೆ. ತಪ್ಪು ನಂದು." ಅವಳಿಗೆ ಅರ್ಥವಾಗಲು ಕಾಯಲಿಲ್ಲ, ತನ್ನ ಬೇಸ್ ತಗುಲಿಸಿಕೊಂಡು ಬಾರಿಸಿ, ಮೂರನೇ ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಎರಡು ಪೆಟ್ಟು ಬಿಟ್ಟು, ಮತ್ತೆ ಹಿಡಿದ. ಹುಡುಗಿಯ ಕಣ್ಣು ಅಗಲವಾಯಿತು. "ಅಯ್ಯೋ!" ಎಂದಳು. ಅಷ್ಟು ಸಾಕಾಯಿತು ಅವಳಿಗೆ. ಕಿಮ್ಮೊನನ್ನು ಕೂಗಿ ಕರೆದಳು. ಯಾಲ್ಮರಿ ಲೋಟ ಕೆಳಗಿಟ್ಟು ಗಿಟಾರ್ ಎತ್ತಿಕೊಂಡ. ರೌನೊ ಬೇಸ್ ಇಳಿಸಿ ಸ್ಕೀ ಹಲಗೆಗಳ ನಡುವೆ ಸರಿದು ನಿಂತ. ಮೂವರೂ ಶುರುಮಾಡಿದರು. ಆ ಜಾಗ ಬಂತು, ಕೆಳಗಿನ ನೆಲ ಹೋಯಿತು, ಕಿಮ್ಮೊನ ಪೆಟ್ಟು ಮೊದಲ ಸಲ ಏನನ್ನೂ ಹೊತ್ತುಕೊಳ್ಳದೆ ಗಾಳಿಯಲ್ಲಿ ನಿಂತಿತು, ಬೇಸ್ ಬಂದು ಕೂತಿತು. ಹಾಡು ಎದ್ದು ನಿಂತಿತು. ಹಾಡು ನಿಂತಿತು! ರೌನೊಗೆ ಎಷ್ಟು ಸಂತೋಷವಾಯಿತೆಂದರೆ ಅವನಿಗೆ ಅಳು ಬಂತು, ಅದು ಸಂತೋಷಕ್ಕೆ ಮಾತ್ರ ಬಂದದ್ದೂ ಅಲ್ಲ. ತಾನು ಇಲ್ಲದೆ ನಿಂತಿತು. ಕೊನೆಯ ತನಕ ನಿಂತಿತು.

ಮುಗಿದ ಮೇಲೆ ಕಿಮ್ಮೊ ಕೂತಲ್ಲೇ ಕುಣಿದ. ಯಾಲ್ಮರಿ ಗಿಟಾರ್ ಇಟ್ಟು ಹೊರಗೆ ಹೋದ. ಇನ್ನು ತಡೆದರೆ ಆಗುವುದಿಲ್ಲವೆಂದು ರೌನೊ ಹಿಂದೆಯೇ ಹೋಗಿ, ಕಾರಿಡಾರಿನಲ್ಲಿ ಅವನ ಬೆನ್ನಿಗೆ ಹೇಳಿದ.

"ಲಾಸ್ಸೆಗೆ ನಾನೇ ತಪ್ಪು ಹೇಳ್ಕೊಟ್ಟೆ. ಬೇಕು ಅಂತ."

"ಗೊತ್ತು," ಎಂದ ಯಾಲ್ಮರಿ.

"ಏನ್ ಗೊತ್ತು?"

"ಮೊದಲ್ನೇ ದಿನಾನೇ ಗೊತ್ತಾಯ್ತು. ನಂಗೇನು ಕಿವಿ ಇಲ್ವಾ? ಆ ಹಾಡು ಕಟ್ಟಿದ್ದು ನಾನು ಕಣೋ." ಅವನು ತಿರುಗಲಿಲ್ಲ, ಗೋಡೆಯ ಮೇಲೆ ಯಾರದೋ ಸೈಕಲ್ಲಿನ ಚಕ್ರ ನೇತುಹಾಕಿದ್ದರು, ಅದನ್ನು ಬೆರಳಿಂದ ತಿರುಗಿಸುತ್ತಿದ್ದ. "ಕೋಪ ಇಳಿದ್ಮೇಲೆ ಬಂದು ಹೇಳ್ತೀಯ ಅನ್ಕೊಂಡೆ. ಬರ್ಲಿಲ್ಲ."

"ಮತ್ತೆ ಡ್ರಮ್ಸಿನವ್ರು? ಮೂರು ಜನಾನ ತೆಗ್ದೆಯಲ್ಲ?"

"ನಾನೆಲ್ಲೋ ತೆಗ್ದೆ? ಒಬ್ಬ ಕುಡ್ದು ಕುಡ್ದು ಹಾಳಾದ, ಒಬ್ಬಂಗೆ ಹೆಂಡ್ತಿ ಬಿಡ್ಲಿಲ್ಲ, ಇನ್ನೊಬ್ಬಂಗೆ ಬೆನ್ನುನೋವು. ಎಲ್ಲಾ ನಿನ್ನಿಂದಾನೇ ಅನ್ಕೊಂಡ್ಯಾ? ಅಬ್ಬಾ, ದೊಡ್ಡ ಮನುಷ್ಯ!"

ಬೇರೆ ದಿನವಾಗಿದ್ದರೆ ರೌನೊ ನಗುತ್ತಿದ್ದ. ಇಪ್ಪತ್ತಾರು ವರ್ಷ ಹೊತ್ತ ಪಾಪದಲ್ಲಿ ಮುಕ್ಕಾಲು ಪಾಲು ತನ್ನದಲ್ಲ ಎಂದು ತಿಳಿದಾಗ ಹಗುರಾಗಬೇಕಿತ್ತು, ಕಳೆದುಕೊಂಡ ಹಾಗಾಯಿತು. ಅದರ ಹಿಂದೆ ಸಿಟ್ಟು ಬಂತು. "ಗೊತ್ತಿದ್ರೆ ನೀನೇ ಸರಿಮಾಡ್ಬಹುದಿತ್ತಲ್ಲ! ಎರಡು ಪೆಟ್ಟು ಬಿಡು ಅಂತ ಹೇಳೋಕೆ ಎಷ್ಟ್ ಹೊತ್ತು ಬೇಕು? ಐದು ಜನರ ಕೈಲಿ ಹಾಗೇ ಕೆಡಿಸ್ಕೊಂಡು ಬಂದ್ಯಾ?"

ಚಕ್ರ ನಿಂತಿತು. "ಸರಿಮಾಡಿದ್ರೆ," ಎಂದ ಯಾಲ್ಮರಿ, "ನಿನಗೆ ವಾಪಸ್ ಬರೋಕೆ ಏನು ಉಳೀತಿತ್ತು?"

ಮೇಲೆ ಯಾರದೋ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಯಾಲ್ಮರಿ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ರೌನೊ ಹುಡುಗನಾಗಿದ್ದಾಗಿನಿಂದ ಕೇಳಿರಲಿಲ್ಲ. ಅವನು ಇನ್ನೂ ಮುಗಿಸಿರಲಿಲ್ಲ. "ಪ್ರತಿ ಸಲ ಪೇಪರ್‌ಗೆ ಹಾಕಿಸ್ತಿದ್ದೆ. ಬಾರಿಸೋರು ಸಿಗಲ್ಲ ಅಂತಾನಾ? ನೀನು ಓದ್ತೀಯ ಅಂತ. ಎರಡು ವಾರ ಯಾರನ್ನೂ ತಗೋತಿರ್ಲಿಲ್ಲ. ಫೋನ್ ಪಕ್ಕದಲ್ಲೇ ಇರ್ತಿದ್ದೆ."

ಆ ಎರಡು ವಾರಗಳು ರೌನೊಗೆ ಗೊತ್ತಿದ್ದವು, ಒಂದೊಂದು ದಿನವೂ. ಹಿಲ್ಕಾಗಿಂತ ಮೊದಲು ಓಡಿಹೋಗಿ ಎತ್ತಿದರೆ ಅತ್ತೆಯ ದನಿ, ಇಲ್ಲವೇ ಕಾರ್ಖಾನೆಯವರದು. ಊರಿನ ಆ ತುದಿಯಲ್ಲಿ ಇವನೂ ಹಾಗೇ ಕೂತಿದ್ದನಂತೆ. ಐದು ಸಲ. ಕೂಗಿದರೆ ಕೇಳುವಷ್ಟು ದೂರ. ಇನ್ನು ಮರ್ಯಾದೆಗೆ ಏನಿದೆ ಎಂದು ರೌನೊಗೆ ಅನಿಸಿತು. ಬದುಕಿನಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟು ಕೇಳದವನು, ಹಿಲ್ಕಾಳನ್ನು ಮದುವೆಯಾಗುತ್ತೀಯಾ ಎಂದು ಕೂಡ ಕೇಳದವನು (ಅವಳೇ ದಿನ ಗೊತ್ತುಮಾಡಿದ್ದಳು), ಕೇಳಿಬಿಟ್ಟ.

"ಹಂಗಾದ್ರೆ ಈಗ ಕರಿ. ನಂಗೆ ವಾಪಸ್ ಬರ್ಬೇಕು ಕಣೋ. ಅವತ್ತಿಂದ ಬರ್ಬೇಕು ಅಂತಾನೇ ಇದೀನಿ. ಕರಿ, ಬರ್ತೀನಿ."

ಯಾಲ್ಮರಿ ಈಗ ತಿರುಗಿದ. ಅವನ ಮುಖ ನೋಡಿದ ಕೂಡಲೇ ಉತ್ತರ ತಿಳಿಯಿತು. ಬಾಗಿಲಾಚೆ ವೆನ್ಲಾ ಆ ಜಾಗವನ್ನು ಮತ್ತೆ ಬಾರಿಸಿ ನೋಡುತ್ತಿದ್ದಳು, ಒಬ್ಬಳೇ, ಮೆಲ್ಲಗೆ. ಇಬ್ಬರೂ ಅದನ್ನು ಪೂರ್ತಿ ಕೇಳಿದರು.

"ಈಗ ಅವಳಿದ್ದಾಳಲ್ಲೋ," ಎಂದ ಯಾಲ್ಮರಿ.

"ಹೂಂ."

"ಮಾತು ಕೊಟ್ಟಾಗಿದೆ. ಒಳ್ಳೆ ಹುಡುಗಿ."

"ಚೆನ್ನಾಗಿ ಬಾರಿಸ್ತಾಳೆ," ಎಂದ ರೌನೊ. ಅದು ನಿಜವಾಗಿತ್ತು.

ಯಾಲ್ಮರಿ ಅವನ ಭುಜವನ್ನು ಒಮ್ಮೆ ಹಿಡಿದು ಬಿಟ್ಟು, ಗಾಳಿಗೆಂದು ಮೆಟ್ಟಿಲು ಹತ್ತಿ ಹೋದ. ರೌನೊ ಮೂಗು ಒರೆಸಿಕೊಂಡು ಒಳಗೆ ಬಂದ. ವೆನ್ಲಾ ಅವನ ಕಣ್ಣು ನೋಡಿದಳು, ಏನೂ ಕೇಳಲಿಲ್ಲ. ಅವಳೂ ಈ ಊರಿನವಳೇ.

"ಎರಡನೇ ಸಲ ಆ ಜಾಗ ಬರೋವಾಗ ಭಯ ಆಗುತ್ತೆ," ಎಂದಳು. "ಕೈ ಎತ್ತಿಬಿಡ್ತೀನಿ. ವಾಪಸ್ ಇಡೋ ಹೊತ್ತಿಗೆ ತಡ ಆಗಿರುತ್ತೆ."

"ಕೈ ಎತ್ತಲೇಬೇಡ," ಎಂದ ರೌನೊ, ಪಕ್ಕದಲ್ಲಿ ಕುಳಿತು. "ತಂತಿ ಮ್ಯಾಲೇ ಇರ್ಲಿ. ಒತ್ಬೇಡ, ಅಷ್ಟೇ. ಸದ್ದು ಮಾತ್ರ ನಿಲ್ಲುತ್ತೆ, ನೀನು ಅಲ್ಲೇ ಇರ್ತೀಯ."

ಅವಳು ಒತ್ತದೆ ಬಿಟ್ಟಳು. ಒಂದು, ಎರಡು. ಮತ್ತೆ ಹಿಡಿದಳು.

"ಹಿಂಗಾ?"

"ಹಿಂಗೇ," ಎಂದ ರೌನೊ. "ಇನ್ನೊಂದ್ಸಲ."